ಯಾವ ಫೈಟಿಂಗ್ ಗೇಮ್ ನಿಮಗೆ ಸರಿ? ಹೊಡೆತ ತಿಂದು ನೋಡಿ ಹೋಲಿಸಿ

ಸ್ಟ್ರೀಟ್ ಫೈಟರ್ ದೊಡ್ಡದಾ, ಟೆಕ್ಕೆನ್ ದೊಡ್ಡದಾ, ಮಾರ್ಟಲ್ ಕಾಂಬ್ಯಾಟ್ ದೊಡ್ಡದಾ? ಈ ವಾದ ಶುರುವಾದರೆ ಮುಗಿಯೋದೇ ಇಲ್ಲ. ಒಬ್ಬರು ಮಾರಾಟದ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ಗ್ರಾಫಿಕ್ಸ್ ತೋರಿಸುತ್ತಾರೆ, ಮತ್ತೊಬ್ಬರು ಯಾವುದರಲ್ಲಿ ಕ್ಯಾರೆಕ್ಟರ್ ಜಾಸ್ತಿ ಅಂತ ಎಣಿಸುತ್ತಾರೆ. ಕಂಟ್ರೋಲರ್ ಕೈಗೆ ತಗೊಂಡು ಇನ್ನೊಬ್ಬರ ಎದುರು ಆಡೋಕೆ ಕೂತಾಗ ಇದ್ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ನಾನು ಹೋಲಿಸುವ ದಾರಿ ಬೇರೆ. ಹೊಡೆಯೋದು ಎಲ್ಲಾ ಗೇಮ್‌ನಲ್ಲೂ ಖುಷಿ ಕೊಡುತ್ತದೆ, ಟ್ರೇಲರ್‌ಗಳು ತೋರಿಸೋದೂ ಅದನ್ನೇ. ಹೊಡೆತ ತಿನ್ನುವಾಗ ಮಾತ್ರ ಒಂದೊಂದು ಗೇಮ್‌ನ ಗುಣ ಹೊರಗೆ ಬರುತ್ತದೆ. ಅರ್ಧ ಹೊತ್ತು ನೀವು ತಡೆಯುತ್ತಲೇ ಇರುತ್ತೀರಿ, ಹೊಸಬರಾದರೆ ಅರ್ಧಕ್ಕಿಂತ ಜಾಸ್ತಿ. ಆ ಹೊತ್ತಿನಲ್ಲಿ ಗೇಮ್ ನಿಮ್ಮನ್ನ ಏನು ಕೇಳುತ್ತದೆ, ಅದಕ್ಕೆ ಉತ್ತರ ಹುಡುಕೋಕೆ ನಿಮಗೆ ಆಸೆ ಬರುತ್ತದಾ? ಇದೊಂದನ್ನ ಪತ್ತೆ ಮಾಡಿದರೆ ಯಾವ ಗೇಮ್‌ನಲ್ಲಿ ವರ್ಷಗಟ್ಟಲೆ ಉಳಿಯುತ್ತೀರಿ ಅನ್ನೋದು ಗೊತ್ತಾಗುತ್ತದೆ. ಅದನ್ನ ಪತ್ತೆ ಮಾಡೋದು ಹೇಗೆ ಅಂತ ಹೇಳುತ್ತೇನೆ.

ಮೊದಲು ಎರಡೂ ಕಡೆ ಸಮ ಮಾಡಿಕೊಳ್ಳಿ

ಒಂದೇ ಕಾಲದ ಗೇಮ್‌ಗಳನ್ನ ಎದುರುಬದುರು ಇಡಿ. 2023ರ ಜೂನ್‌ನಲ್ಲಿ ಬಂದ ಸ್ಟ್ರೀಟ್ ಫೈಟರ್ 6, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಮಾರ್ಟಲ್ ಕಾಂಬ್ಯಾಟ್ 1, 2024ರ ಜನವರಿಯಲ್ಲಿ ಬಂದ ಟೆಕ್ಕೆನ್ 8. ಈ ಮಾರ್ಟಲ್ ಕಾಂಬ್ಯಾಟ್ 1 ಅಂದರೆ 1992ರ ಆರ್ಕೇಡ್ ಗೇಮ್ ಅಲ್ಲ. ಕಥೆಯನ್ನ ಹೊಸದಾಗಿ ಶುರು ಮಾಡಿದ್ದಕ್ಕೆ ಮತ್ತೆ ಒಂದನೇ ನಂಬರ್ ಇಟ್ಟಿದ್ದಾರೆ, ವಿಡಿಯೋ ಹುಡುಕುವಾಗ ನೆನಪಿರಲಿ. ಹಳೇ ವಿಮರ್ಶೆ ಓದುತ್ತಿದ್ದರೆ ಅದು ಯಾವಾಗ ಬರೆದದ್ದು ಅಂತ ನೋಡಿ. ಸ್ಟ್ರೀಟ್ ಫೈಟರ್ 5 ಬಂದದ್ದು 2016ರಲ್ಲಿ. ಆಗ ಅದರಲ್ಲಿ ಆರ್ಕೇಡ್ ಮೋಡ್ ಕೂಡ ಇರಲಿಲ್ಲ, ಅದು ಸೇರಿದ್ದು 2018ರಲ್ಲಿ. ಮೊದಲ ತಿಂಗಳ ವಿಮರ್ಶೆಗೂ ಕೊನೆಯ ಆವೃತ್ತಿಯ ವಿಮರ್ಶೆಗೂ ಅಜಗಜಾಂತರ. ಎರಡೂ ಅವರವರ ಕಾಲಕ್ಕೆ ನಿಜ.

ಆಮೇಲೆ ಕ್ಯಾರೆಕ್ಟರ್. ಒಂದು ಗೇಮ್‌ನಲ್ಲಿ ನಿಮಗೆ ಚೆನ್ನಾಗಿ ಬರುವ ಕ್ಯಾರೆಕ್ಟರ್ ಇಟ್ಟುಕೊಂಡು, ಇನ್ನೊಂದರಲ್ಲಿ ಕಣ್ಣು ಮುಚ್ಚಿ ಯಾರನ್ನೋ ಆರಿಸಿದರೆ ಅದು ಹೋಲಿಕೆಯೇ ಅಲ್ಲ. ಒಂದೇ ಥರದವರನ್ನ ತಗೊಳ್ಳಿ. ಹಿಡಿದು ಎತ್ತಿ ಬಿಸಾಡುವವರು ಇಷ್ಟ ಅಂದರೆ ಸ್ಟ್ರೀಟ್ ಫೈಟರ್‌ನಲ್ಲಿ ಝಾಂಗೀಫ್, ಟೆಕ್ಕೆನ್‌ನಲ್ಲಿ ಕಿಂಗ್. ದೂರದಿಂದ ಕಾಟ ಕೊಡೋದು ಇಷ್ಟ ಅಂದರೆ ಸ್ಟ್ರೀಟ್ ಫೈಟರ್‌ನಲ್ಲಿ ಗೈಲ್. ಟೆಕ್ಕೆನ್‌ನಲ್ಲಿ ಅಂಥವರನ್ನ ಹುಡುಕೋಕೆ ಹೊರಟರೆ ಸರಿಯಾದ ಜೋಡಿ ಸಿಗುವುದಿಲ್ಲ. ಅದೂ ಹೋಲಿಕೆಗೆ ಬೇಕಾದ ಮಾಹಿತಿಯೇ, ಬರೆದಿಟ್ಟುಕೊಳ್ಳಿ.

ಬ್ಲಾಕ್‌ನಿಂದ ಶುರು ಮಾಡಿ

ಮೂರೂ ಗೇಮ್‌ನ ಟ್ರೈನಿಂಗ್ ಮೋಡ್‌ಗೆ ಹೋಗಿ, ಏನೂ ಹೊಡೆಯದೆ ಬರೀ ಬ್ಲಾಕ್ ಮಾಡಿ. ವ್ಯತ್ಯಾಸ ಮೊದಲ ನಿಮಿಷದಲ್ಲೇ ಕೈಗೆ ಗೊತ್ತಾಗುತ್ತದೆ.

ಸ್ಟ್ರೀಟ್ ಫೈಟರ್‌ನಲ್ಲಿ ಎದುರಾಳಿಯಿಂದ ಹಿಂದಕ್ಕೆ ಒತ್ತಿದರೆ ಬ್ಲಾಕ್. ಅಂದರೆ ಹಿಂದೆ ಸರಿಯೋದೂ ತಡೆಯೋದೂ ಒಂದೇ ಕೆಲಸ. ಇದರಿಂದ ಒಂದು ತೊಂದರೆ ಇದೆ. ಅವನು ನಿಮ್ಮ ತಲೆ ಮೇಲಿಂದ ಹಾರಿ ಆ ಕಡೆ ಇಳಿಯುತ್ತಾ ಹೊಡೆದರೆ ನಿಮ್ಮ ಹಿಂದೆ ಯಾವುದು, ಮುಂದೆ ಯಾವುದು ಅನ್ನೋದು ಅರ್ಧ ಕ್ಷಣದಲ್ಲಿ ತಿರುಗಿಹೋಗುತ್ತದೆ. ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಬ್ಲಾಕ್‌ಗೆ ಅಂತಲೇ ಬೇರೆ ಬಟನ್ ಇದೆ, 1992ರಿಂದಲೂ. ಅದನ್ನ ಒತ್ತಿ ಹಿಡಿದರೆ ಎದುರಾಳಿ ಯಾವ ಕಡೆಯಿಂದ ಬಂದರೂ ತಡೆಯಬಹುದು. ಆದರೆ ಆ ಬಟನ್ ಒತ್ತಿರುವಷ್ಟು ಹೊತ್ತು ನಡೆಯೋಕೆ ಆಗುವುದಿಲ್ಲ, ನಡೆಯುವಾಗ ಬ್ಲಾಕ್ ಇರುವುದಿಲ್ಲ. ಹೀಗಾಗಿ ಅಲ್ಲಿ ಹಿಂದೆ ಸರಿಯೋದೇ ಒಂದು ಸಾಹಸ. ಟೆಕ್ಕೆನ್‌ನಲ್ಲಿ ಇನ್ನೊಂದು ಥರ: ಏನೂ ಒತ್ತದೆ ಸುಮ್ನೆ ನಿಂತರೂ ಮೇಲಿನ ಮತ್ತು ನಡುವಿನ ಹೊಡೆತಗಳನ್ನ ಕ್ಯಾರೆಕ್ಟರ್ ತಾನಾಗೇ ತಡೆಯುತ್ತದೆ. ಹೊಸಬರಿಗೆ ಇದು ದೊಡ್ಡ ಉಪಕಾರ ಅನ್ನಿಸುತ್ತದೆ, ಕೆಳಗಿನ ಹೊಡೆತ ಕಾಲಿಗೆ ಬೀಳುವ ತನಕ.

ಈಗ ಮೇಲೆ, ಕೆಳಗೆ ನೋಡಿ. ಸ್ಟ್ರೀಟ್ ಫೈಟರ್‌ನಲ್ಲಿ ಕುಳಿತು ಬ್ಲಾಕ್ ಮಾಡಿದರೆ ನೆಲದ ಮೇಲಿನ ಬಹುಪಾಲು ಹೊಡೆತ ನಿಲ್ಲುತ್ತದೆ. ಹಾರಿ ಬರುವವರಿಗೆ ಮತ್ತು ಕೆಲವೇ ಕೆಲವು ಓವರ್‌ಹೆಡ್‌ಗಳಿಗೆ (ಕುಳಿತವರ ಬ್ಲಾಕ್ ಮೀರಿ ಮೇಲಿಂದ ಬೀಳುವ ಹೊಡೆತಗಳಿಗೆ) ಮಾತ್ರ ಎದ್ದು ನಿಲ್ಲಬೇಕು. ಅದಕ್ಕೇ ಅಲ್ಲಿ ಎಲ್ಲರೂ ಕುಳಿತೇ ಕಾಯುತ್ತಾರೆ. ಟೆಕ್ಕೆನ್‌ನಲ್ಲಿ ಇದು ಪೂರಾ ಉಲ್ಟಾ. ಕುಳಿತರೆ ನಡುವಿನ ಹೊಡೆತ ನೇರ ಮುಖಕ್ಕೆ, ಎಷ್ಟೋ ಸಲ ಅದೇ ಹೊಡೆತ ನಿಮ್ಮನ್ನ ಗಾಳಿಗೆ ಎತ್ತಿ ಉದ್ದನೆಯ ಕಾಂಬೋ (ಒಂದರ ಹಿಂದೊಂದು ಬೀಳುವ, ನಡುವೆ ತಡೆಯಲಾಗದ ಹೊಡೆತಗಳ ಸರಣಿ) ಶುರು ಮಾಡುತ್ತದೆ. ಅದಕ್ಕೇ ಅಲ್ಲಿ ನಿಂತೇ ಕಾಯುತ್ತಾರೆ, ಸಣ್ಣಪುಟ್ಟ ಕಾಲಿನ ಒದೆಗಳನ್ನ ಬೇಕಂತಲೇ ತಿನ್ನುತ್ತಾರೆ. ತಿನ್ನಬಾರದ ಕೆಳಗಿನ ಹೊಡೆತಗಳನ್ನ ಮಾತ್ರ ಕಣ್ಣಿಟ್ಟು ನೋಡುತ್ತಾರೆ. ಬ್ರಯಾನ್ ಅನ್ನೋ ಕ್ಯಾರೆಕ್ಟರ್‌ನ ಸ್ನೇಕ್ ಎಡ್ಜ್ ಅಂಥದ್ದು. ಬಿದ್ದರೆ ದೊಡ್ಡ ಕಾಂಬೋ, ಆದರೆ ಅದು ಎಷ್ಟು ನಿಧಾನ ಅಂದರೆ ನೋಡಿ ಕುಳಿತು ತಡೆಯಬಹುದು, ತಡೆದರೆ ಬ್ರಯಾನ್‌ಗೇ ಭಾರಿ ಶಿಕ್ಷೆ. ಯಾವ ಹೊಡೆತ ತಿಂದರೆ ಪರವಾಗಿಲ್ಲ, ಯಾವುದನ್ನ ತಿನ್ನಲೇಬಾರದು ಅಂತ ತೂಗುವ ಈ ಲೆಕ್ಕಾಚಾರ ನಿಮಗೆ ರುಚಿಸಿದರೆ ಟೆಕ್ಕೆನ್ ನಿಮ್ಮ ಗೇಮ್ ಆಗುವ ಸಾಧ್ಯತೆ ತುಂಬಾ ಇದೆ.

ವೇಗದ ಬಗ್ಗೆ ಒಂದು ಮಾತು. ಈ ಗೇಮ್‌ಗಳು ಸೆಕೆಂಡಿಗೆ 60 ಫ್ರೇಮ್‌ನಲ್ಲಿ (ಅಂದರೆ ಪರದೆ ಮೇಲೆ 60 ಚಿತ್ರಗಳಂತೆ) ಓಡುತ್ತವೆ, ಹೊಡೆತದ ವೇಗವನ್ನ ಅಳೆಯೋದೂ ಫ್ರೇಮ್‌ನಲ್ಲೇ. ಸ್ಟ್ರೀಟ್ ಫೈಟರ್ 6ರಲ್ಲಿ ಅತಿ ವೇಗದ ಸಾಮಾನ್ಯ ಪಂಚ್ 4 ಫ್ರೇಮ್‌ನಲ್ಲಿ ತಾಗುತ್ತದೆ. ಟೆಕ್ಕೆನ್‌ನಲ್ಲಿ ಮಾಮೂಲಿ ಜ್ಯಾಬ್‌ಗೆ (ಚಿಕ್ಕ ನೇರ ಪಂಚ್‌ಗೆ) 10 ಫ್ರೇಮ್. ಇದನ್ನ ನೋಡಿ ಟೆಕ್ಕೆನ್ ನಿಧಾನ ಅಂತ ತೀರ್ಮಾನಿಸಬೇಡಿ. ಮನುಷ್ಯ ಕಣ್ಣಲ್ಲಿ ನೋಡಿ ಕೈಯಲ್ಲಿ ಉತ್ತರ ಕೊಡೋಕೆ ಸುಮಾರು ಕಾಲು ಸೆಕೆಂಡ್ ಬೇಕು, ಅಂದರೆ 15 ಫ್ರೇಮ್. 4 ಆದರೂ 10 ಆದರೂ ನೋಡಿ ತಡೆಯೋಕೆ ಆಗುವುದಿಲ್ಲ, ಮೊದಲೇ ಊಹಿಸಬೇಕು. ಹೋಲಿಸಬೇಕಾದ್ದು ನಿಮ್ಮ ಕಣ್ಣಿಗೆ ಸಿಗುವ ಅಪಾಯಗಳು ಯಾವುವು ಅನ್ನೋದನ್ನ. ಸ್ಟ್ರೀಟ್ ಫೈಟರ್ 6ರ ಡ್ರೈವ್ ಇಂಪ್ಯಾಕ್ಟ್ ಅನ್ನೋ ಭಾರಿ ಹೊಡೆತಕ್ಕೆ 26 ಫ್ರೇಮ್ ಬೇಕು, ಬಣ್ಣ ಚಿಮ್ಮಿಸಿಕೊಂಡು ಸದ್ದು ಮಾಡಿಕೊಂಡು ಬರುತ್ತದೆ. ನೋಡಿದ ಕೂಡಲೇ ನೀವೂ ಅದನ್ನೇ ಒತ್ತಿದರೆ ಅವನೇ ಕುಸಿಯುತ್ತಾನೆ. ಕಾಗದದ ಮೇಲೆ ಸುಲಭ. ಬೇರೆ ಯಾವುದೋ ಯೋಚನೆಯಲ್ಲಿ ಮುಳುಗಿರುವಾಗ ಆ ಬಟನ್ ಒತ್ತಲು ನೆನಪಾಗೋದು ಕಷ್ಟ, ಆ ಗೇಮ್‌ನ ಒತ್ತಡ ಇರೋದೇ ಅಲ್ಲಿ.

ಎತ್ತ ತಪ್ಪಿಸಿಕೊಳ್ಳುತ್ತೀರಿ?

ಬ್ಲಾಕ್ ಆದ ಮೇಲೆ ಜಾಗ. ಸ್ಟ್ರೀಟ್ ಫೈಟರ್ ಮತ್ತು ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಇಬ್ಬರೂ ಒಂದೇ ಗೆರೆ ಮೇಲೆ ನಿಂತಿರುತ್ತಾರೆ. ಹಾಡೋಕೆನ್ (ದೂರದಿಂದ ಎಸೆಯುವ ಬೆಂಕಿಯುಂಡೆ) ಬಂದರೆ ತಡೆಯಿರಿ, ಹಾರಿ, ಇಲ್ಲಾ ಅದನ್ನ ದಾಟಿಹೋಗುವ ಮೂವ್ ಹಾಕಿ. ಆದರೆ ಹಾರೋದು ಒಂದು ದೊಡ್ಡ ಒಪ್ಪಂದ, ಒಮ್ಮೆ ಕಾಲು ನೆಲ ಬಿಟ್ಟರೆ ದಾರಿ ಬದಲಿಸೋಕೆ ಆಗುವುದಿಲ್ಲ, ಕೆಳಗೆ ಸ್ಟ್ರೀಟ್ ಫೈಟರ್‌ನ ರ್ಯೂ ಶೋರ್ಯುಕೆನ್ (ಮೇಲಕ್ಕೆ ಜಿಗಿದು ಹೊಡೆಯುವ ಪಂಚ್) ಹಿಡಿದು ಕಾಯುತ್ತಿರುತ್ತಾನೆ. ಟೆಕ್ಕೆನ್‌ನಲ್ಲಿ ಹಾರೋದು ಅಪರೂಪ. ಅಲ್ಲಿ ಪಕ್ಕಕ್ಕೆ ಹೆಜ್ಜೆ ಇಡುತ್ತಾರೆ. ಎದುರಾಳಿಯ ಹೊಡೆತ ಕಿವಿ ಪಕ್ಕದಲ್ಲಿ ಹಾದುಹೋಗುತ್ತದೆ, ಅವನ ಬೆನ್ನು ನಿಮಗೆ ಸಿಗುತ್ತದೆ. ಆ ಕ್ಷಣದ ಖುಷಿ ಬೇರೆ ಯಾವ ಗೇಮ್‌ನಲ್ಲೂ ನನಗೆ ಸಿಕ್ಕಿಲ್ಲ. ಯಾರ ಎದುರು ಎಡಕ್ಕೆ ಹೋಗಬೇಕು, ಯಾರ ಎದುರು ಬಲಕ್ಕೆ ಅನ್ನೋದು ಕ್ಯಾರೆಕ್ಟರ್‌ಗೊಂದು ಥರ, ಪಕ್ಕಕ್ಕೆ ಹೋದರೂ ಹಿಂಬಾಲಿಸಿ ತಾಗುವ ಹೊಡೆತಗಳೂ ಇವೆ.

ಇಲ್ಲೇ ಟೆಕ್ಕೆನ್‌ನ ಭಾರವೂ ಕಾಣುತ್ತದೆ. ಬಿಡುಗಡೆ ದಿನವೇ ಟೆಕ್ಕೆನ್ 8ರಲ್ಲಿ 32 ಕ್ಯಾರೆಕ್ಟರ್‌ಗಳಿದ್ದರು, ಒಬ್ಬೊಬ್ಬರಿಗೆ ನೂರರ ಆಸುಪಾಸು ಮೂವ್‌ಗಳು. ಇಡೀ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ, ಆದರೆ ಪದೇ ಪದೇ ನಿಮ್ಮನ್ನ ಸೋಲಿಸುವ ಸರಣಿಯ ಮೂರನೇ ಹೊಡೆತಕ್ಕೆ ಕುಳಿತುಕೊಳ್ಳಬಹುದು ಅಂತ ಗೊತ್ತಿಲ್ಲದಿದ್ದರೆ ಅದನ್ನ ತಿನ್ನುತ್ತಲೇ ಇರುತ್ತೀರಿ. 2019ರಲ್ಲಿ ಪಾಕಿಸ್ತಾನದ ಅರ್ಸಲಾನ್ ಆಶ್ ಇವೋ ಜಪಾನ್ ಮತ್ತು ಅಮೆರಿಕದ ಇವೋ ಅನ್ನೋ ಎರಡೂ ದೊಡ್ಡ ಫೈಟಿಂಗ್ ಗೇಮ್ ಪಂದ್ಯಾವಳಿಗಳನ್ನ ಗೆದ್ದಾಗ ಟೆಕ್ಕೆನ್ ಲೋಕ ಬೆರಗಾಯಿತು. ಅವರ ಆಟ ನೋಡಿ. ಎದುರಾಳಿ ಹೊಡೆದು ತಪ್ಪಿದ ಜಾಗದಲ್ಲಿ ಅವರ ಉತ್ತರ ಆಗಲೇ ಕಾಯುತ್ತಿರುತ್ತದೆ. ಟೆಕ್ಕೆನ್ ಬಯಸುವ ತಿಳಿವಳಿಕೆ ಅಂದರೆ ಏನು ಅಂತ ಅದರಲ್ಲಿ ಕಾಣುತ್ತದೆ.

ಹಿಡಿದು ಬಿಸಾಡೋದನ್ನೂ ಹೋಲಿಸಿ, ಇದನ್ನ ಬಹಳ ಜನ ಬಿಟ್ಟುಬಿಡುತ್ತಾರೆ. ಕಿಂಗ್ ಹಿಡಿಯಲು ಕೈ ಚಾಚಿದಾಗ ಯಾವ ಕೈ ಮುಂದೆ ಬರುತ್ತಿದೆ ಅಂತ ನೋಡಿ. ಎಡಗೈಯಾದರೆ ಎಡ ಪಂಚ್, ಬಲಗೈಯಾದರೆ ಬಲ ಪಂಚ್, ಎರಡೂ ಬಂದರೆ ಎರಡನ್ನೂ ಒಟ್ಟಿಗೆ ಒತ್ತಬೇಕು. ಬಹುತೇಕ ಹಿಡಿತಗಳಿಗೆ ಈ ಲೆಕ್ಕ ಸಾಕು. ಕಣ್ಣು ಪಳಗಿದವರು ಇದನ್ನ ನೋಡಿಯೇ ಬಿಡಿಸಿಕೊಳ್ಳುತ್ತಾರೆ. ಝಾಂಗೀಫ್‌ನ ಸ್ಕ್ರೂ ಪೈಲ್‌ಡ್ರೈವರ್‌ಗೆ ಇಂಥ ಬಿಡುಗಡೆ ಇಲ್ಲ. ಅವನು ಹಿಡಿಯುವ ಮೊದಲೇ ನೀವು ಹಾರಿರಬೇಕು ಇಲ್ಲಾ ಹಿಂದಕ್ಕೆ ಜಿಗಿದಿರಬೇಕು, ಹಾರುತ್ತೀರಿ ಅಂತ ಅವನು ಊಹಿಸಿದರೆ ಅದಕ್ಕೂ ಅವನ ಬಳಿ ಉತ್ತರ ಇದೆ. ಒಂದು ಗೇಮ್ ಕಣ್ಣನ್ನ ಪರೀಕ್ಷೆ ಮಾಡುತ್ತದೆ, ಇನ್ನೊಂದು ಧೈರ್ಯವನ್ನ.

ಕಾಂಬೋ ತಿನ್ನುವಾಗ

ಕಾಂಬೋದ ನಡುವೆ ಸಿಕ್ಕಿಕೊಂಡಾಗ ನಿಮ್ಮ ಕೈಯಲ್ಲಿ ಏನಾದರೂ ಇದೆಯಾ? ಮಾರ್ಟಲ್ ಕಾಂಬ್ಯಾಟ್ 1ರಲ್ಲಿ ಇದೆ. ಆಡುತ್ತಾ ತುಂಬುವ ಶಕ್ತಿಪಟ್ಟಿಯ, ಅಂದರೆ ಮೀಟರ್‌ನ, ಮೂರೂ ಭಾಗ ತುಂಬಿದ್ದರೆ ಅದನ್ನೆಲ್ಲ ಖರ್ಚು ಮಾಡಿ ಕಾಂಬೋ ಮುರಿಯಬಹುದು. ಆದರೆ ಆ ಮೀಟರ್ ಹೋದರೆ ನಿಮ್ಮ ದೊಡ್ಡ ಹೊಡೆತಗಳಿಗೂ ಉಳಿಯೋದಿಲ್ಲ. ಗಿಲ್ಟಿ ಗಿಯರ್ ಅನ್ನೋ ಇನ್ನೊಂದು ಫೈಟಿಂಗ್ ಗೇಮ್‌ನಲ್ಲಿ ಇದೇ ಕೆಲಸಕ್ಕೆ ಬರ್ಸ್ಟ್ ಅಂತ ಇದೆ, 1994ರ ಕಿಲ್ಲರ್ ಇನ್‌ಸ್ಟಿಂಕ್ಟ್‌ನಲ್ಲೇ ಕಾಂಬೋ ಬ್ರೇಕರ್ ಇತ್ತು. ಸ್ಟ್ರೀಟ್ ಫೈಟರ್ 6 ಮತ್ತು ಟೆಕ್ಕೆನ್ 8ರಲ್ಲಿ ಹೀಗಿಲ್ಲ, ಕಾಂಬೋ ಶುರುವಾದರೆ ಮುಗಿಯುವ ತನಕ ನೋಡುತ್ತಾ ಕೂರಬೇಕು. ಟೆಕ್ಕೆನ್‌ನಲ್ಲಿ ಗೋಡೆ ಸಿಕ್ಕಿದರೆ ಇನ್ನೂ ಉದ್ದ. ಇದು ನಿಮಗೆ ತಡೆಯಲಾರದ ಕಿರಿಕಿರಿ ಅನ್ನಿಸಿದರೆ ಪ್ರಾಮಾಣಿಕವಾಗಿ ಒಪ್ಪಿಕೊಂಡು ಬರೆದಿಟ್ಟುಕೊಳ್ಳಿ, ಏಕೆಂದರೆ ಮುಂದೆ ಗೇಮ್ ಬಿಡೋಕೆ ಅದೇ ಕಾರಣ ಆಗುತ್ತದೆ.

ಸ್ಟ್ರೀಟ್ ಫೈಟರ್ 6 ತಡೆಯುವವರ ಮೇಲೆ ಒತ್ತಡ ಹಾಕೋದು ಬೇರೆ ದಾರಿಯಲ್ಲಿ. ಸುತ್ತು ಶುರುವಾದಾಗಲೇ ಆರು ಭಾಗದ ಡ್ರೈವ್ ಗೇಜ್ ಪೂರ್ತಿ ತುಂಬಿರುತ್ತದೆ. ಬ್ಲಾಕ್ ಮಾಡಿದಷ್ಟೂ ಅದು ಕರಗುತ್ತದೆ, ಡ್ರೈವ್ ಮೂವ್‌ಗಳಿಗೂ ಅದೇ ಖರ್ಚು. ಖಾಲಿಯಾದರೆ ಬರ್ನ್‌ಔಟ್: ಬ್ಲಾಕ್ ಮಾಡಿದರೂ ಸ್ಪೆಷಲ್ ಮೂವ್‌ಗಳಿಂದ ಆರೋಗ್ಯ ಕಡಿಮೆಯಾಗುತ್ತದೆ, ಮೂಲೆಯಲ್ಲಿ ಡ್ರೈವ್ ಇಂಪ್ಯಾಕ್ಟ್ ಬಿದ್ದರೆ ತಲೆ ತಿರುಗಿ ನಿಲ್ಲುತ್ತೀರಿ. ತಿಂಗಳ ಕೊನೆಯ ಸಂಬಳದ ಹಾಗೆ ಇದನ್ನ ಎಣಿಸಿ ಎಣಿಸಿ ಬಳಸಬೇಕು. ಡ್ರೈವ್ ಪ್ಯಾರಿ ಅನ್ನೋ ವಿಶೇಷ ತಡೆ ಹಿಡಿದು ಹೊಡೆತ ತಡೆದರೆ ಗೇಜ್ ವಾಪಸ್ ಬರುತ್ತದೆ, ಆದರೆ ಪ್ಯಾರಿ ಹಿಡಿದವರನ್ನ ಎತ್ತಿ ಬಿಸಾಡಿದರೆ ಜಾಸ್ತಿ ಪೆಟ್ಟು. ಟೆಕ್ಕೆನ್ 8ರಲ್ಲಿ ಹೀಟ್ ಅನ್ನೋ ಬಲ ಹೆಚ್ಚಿಸುವ ಸ್ಥಿತಿ ಇದೆ, ಸುತ್ತಿಗೆ ಒಂದೇ ಸಲ. ಅದು ಚಾಲು ಇದ್ದಾಗ ಎದುರಾಳಿ ಬ್ಲಾಕ್ ಮಾಡಿದರೂ ಸ್ವಲ್ಪ ಆರೋಗ್ಯ ಹೋಗುತ್ತದೆ. ಹಳೇ ಟೆಕ್ಕೆನ್ ಆಡಿದವರಲ್ಲಿ ಎಷ್ಟೋ ಜನಕ್ಕೆ ಈ ಬದಲಾವಣೆ ಹಿಡಿಸಿಲ್ಲ. ತಾಳ್ಮೆಯಿಂದ ತಡೆದು ಗೆಲ್ಲುವ ಆಟ ಅದು, ಅಲ್ಲಿ ತಡೆಯುವವರಿಗೆ ಉಸಿರಾಡಲು ಜಾಗ ಕಡಿಮೆಯಾಗಿದೆ ಅನ್ನೋದು ನನ್ನ ಅಭಿಪ್ರಾಯವೂ ಹೌದು.

ಈಗ ಪರೀಕ್ಷೆ ಮಾಡಿ

ಪ್ರತಿ ಗೇಮ್‌ಗೂ ಒಂದು ಸಂಜೆ ಕೊಡಿ. ಮೊದಲು ಆನ್‌ಲೈನ್ ಹೋಗಿ ಹತ್ತು ಆಟ ಆಡಿ, ಗೆಲುವು ಸೋಲು ಲೆಕ್ಕಕ್ಕಿಲ್ಲ. ಅದರಲ್ಲಿ ನಿಮ್ಮನ್ನ ಅತಿ ಹೆಚ್ಚು ಕಾಡಿದ ಒಂದೇ ಒಂದು ಹೊಡೆತವನ್ನ ಆರಿಸಿ. ಟ್ರೈನಿಂಗ್ ಮೋಡ್‌ನಲ್ಲಿ ಬೊಂಬೆಗೆ (ಅಭ್ಯಾಸದ ಎದುರಾಳಿಗೆ) ಆ ಹೊಡೆತ ರೆಕಾರ್ಡ್ ಮಾಡಿ, ಅದರ ಜೊತೆ ಇನ್ನೊಂದು ಬೇರೆ ಹೊಡೆತವನ್ನೂ ರೆಕಾರ್ಡ್ ಮಾಡಿ, ಎರಡನ್ನೂ ಅದಲುಬದಲಾಗಿ ಆಡಿಸಿ. ಈಗ ಉತ್ತರ ಹುಡುಕಿ. ಸ್ಟ್ರೀಟ್ ಫೈಟರ್ 6ರಲ್ಲಿ ಪರದೆ ಮೇಲೆ ಫ್ರೇಮ್ ಮೀಟರ್ ಇದೆ, ಯಾರಿಗೆ ಎಷ್ಟು ಬೇಗ ಬಿಡುವು ಸಿಗುತ್ತದೆ ಅನ್ನೋದು ಬಣ್ಣದಲ್ಲಿ ಕಾಣುತ್ತದೆ. ಟೆಕ್ಕೆನ್ 8ರಲ್ಲಿ ನಿಮ್ಮ ಹಳೇ ಆಟದ ರಿಪ್ಲೇ ನೋಡುತ್ತಾ ಮಧ್ಯದಲ್ಲೇ ಕಂಟ್ರೋಲ್ ನಿಮ್ಮ ಕೈಗೆ ತಗೊಂಡು ಬೇರೆ ಉತ್ತರ ಪ್ರಯತ್ನಿಸಬಹುದು, ಇಲ್ಲಿ ಶಿಕ್ಷೆ ಕೊಡಬಹುದಿತ್ತು ಅಂತ ಅದೇ ಸೂಚನೆಯನ್ನೂ ಕೊಡುತ್ತದೆ. ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಮೂವ್ ಪಟ್ಟಿಯಲ್ಲೇ ಫ್ರೇಮ್ ಲೆಕ್ಕ ಸಿಗುತ್ತದೆ.

ಉತ್ತರ ಸಿಕ್ಕ ಮೇಲೆ ಮತ್ತೆ ಆನ್‌ಲೈನ್ ಹೋಗಿ. ಅದೇ ಹೊಡೆತ ಮತ್ತೆ ಬಂದಾಗ ನಿಮ್ಮೊಳಗೆ ಏನಾಗುತ್ತದೆ ಅನ್ನೋದನ್ನ ಗಮನಿಸಿ. 'ಬಾ, ನಿನಗೇ ಕಾಯ್ತಿದ್ದೆ' ಅನ್ನಿಸಿದರೆ ಆ ಗೇಮ್ ಇಟ್ಟುಕೊಳ್ಳಿ. 'ಅಯ್ಯೋ, ಇನ್ನೂ ಇಂಥವು ಎಷ್ಟಿವೆಯೋ' ಅನ್ನಿಸಿದರೆ ಮುಂದಿನ ಗೇಮ್‌ಗೆ ಹೋಗಿ, ಅದರಲ್ಲಿ ನಾಚಿಕೆ ಏನಿಲ್ಲ.

ಕಂಟ್ರೋಲ್ ಕಷ್ಟ ಅನ್ನೋ ಕಾರಣಕ್ಕೆ ಯಾವ ಗೇಮನ್ನೂ ತಳ್ಳಿಹಾಕಬೇಡಿ. ಸ್ಟ್ರೀಟ್ ಫೈಟರ್‌ನ ಆರು ಬಟನ್, ಅರ್ಧ ಸುತ್ತು ಕಾಲು ಸುತ್ತು ತಿರುಗಿಸುವ ಮೂವ್‌ಗಳು ಹೆದರಿಸುತ್ತಿದ್ದರೆ ಸ್ಟ್ರೀಟ್ ಫೈಟರ್ 6ರಲ್ಲಿ ಮಾಡರ್ನ್ ಕಂಟ್ರೋಲ್ ಇದೆ, ಒಂದೇ ಬಟನ್‌ನಲ್ಲಿ ಶೋರ್ಯುಕೆನ್ ಬರುತ್ತದೆ. ಹಾಗೆ ಹಾಕಿದ ಸ್ಪೆಷಲ್‌ನ ಪೆಟ್ಟು 20% ಕಡಿಮೆ, ಕೆಲವು ಸಾಮಾನ್ಯ ಹೊಡೆತಗಳೂ ಸಿಗೋದಿಲ್ಲ, ಆದರೆ ತಡೆಯುವ ದೃಷ್ಟಿಯಿಂದ ಅದು ದೊಡ್ಡ ಲಾಭ. ಟೆಕ್ಕೆನ್‌ನಲ್ಲಿ ನಾಲ್ಕು ಬಟನ್, ಎರಡು ಕೈಗೆ ಎರಡು, ಎರಡು ಕಾಲಿಗೆ ಎರಡು. ಟೆಕ್ಕೆನ್ 8ರ ಸುಲಭ ಕಂಟ್ರೋಲ್ ಆದ ಸ್ಪೆಷಲ್ ಸ್ಟೈಲ್ ಅನ್ನು ಆಟದ ನಡುವೆಯೇ ಹಾಕಿ ತೆಗೆಯಬಹುದು.

ಆನ್‌ಲೈನ್ ಮತ್ತು ಒಬ್ಬರೇ ಆಡೋದು

ಮೂರೂ ಗೇಮ್‌ನಲ್ಲಿ ಈಗ ರೋಲ್‌ಬ್ಯಾಕ್ ಇದೆ. ಎದುರಾಳಿಯ ಬಟನ್ ಸುದ್ದಿ ತಲುಪುವ ತನಕ ಕಾಯದೆ, ಅವನು ಏನು ಒತ್ತಿರಬಹುದು ಅಂತ ಗೇಮ್ ಊಹಿಸಿ ಮುಂದೆ ಓಡುತ್ತದೆ, ಊಹೆ ತಪ್ಪಾದರೆ ಹಿಂದೆ ಹೋಗಿ ಸರಿಮಾಡಿಕೊಳ್ಳುತ್ತದೆ. ಟೋನಿ ಕ್ಯಾನನ್ 2006ರಲ್ಲಿ ತಂದ ಜಿಜಿಪಿಓ ಅನ್ನೋ ಸಾಫ್ಟ್‌ವೇರ್ ಈ ದಾರಿಯನ್ನ ಫೈಟಿಂಗ್ ಗೇಮ್‌ಗಳಲ್ಲಿ ಗಟ್ಟಿ ಮಾಡಿತು. ನೆಟ್ ಕೆಟ್ಟಿದ್ದರೆ ಪಾತ್ರ ಒಂದು ಜಾಗದಿಂದ ಇನ್ನೊಂದಕ್ಕೆ ಚಂಗನೆ ಜಿಗಿದ ಹಾಗೆ ಕಾಣುತ್ತದೆ. ಅದು ನಿಮ್ಮ ವೈಫೈ ತೊಂದರೆ ಇರಬಹುದು, ಕೇಬಲ್ ಹಾಕಿ ಆಡಿದ ಮೇಲಷ್ಟೇ ಗೇಮ್‌ಗೆ ಅಂಕ ಕೊಡಿ. ನಿಮ್ಮ ಹತ್ತಿರದಲ್ಲಿ, ನೀವು ಆಡುವ ಹೊತ್ತಿನಲ್ಲಿ, ನಿಮ್ಮ ಮಟ್ಟದ ಎದುರಾಳಿಗಳು ಸಿಗುತ್ತಾರಾ ಅನ್ನೋದನ್ನೂ ನೋಡಿ. ಗೇಮ್ ಎಷ್ಟೇ ಚೆನ್ನಾಗಿದ್ದರೂ ಜೊತೆಗೆ ಆಡುವವರಿಲ್ಲದಿದ್ದರೆ ಏನು ಬಂತು?

ಬರೀ ಕಥೆಗಾಗಿ ಆಡುವವರಾದರೆ ಮಾರ್ಟಲ್ ಕಾಂಬ್ಯಾಟ್ ತಗೊಳ್ಳಿ, ಎರಡನೇ ಯೋಚನೆ ಬೇಡ. 2011ರ ಗೇಮ್‌ನಿಂದ ಅವರ ಸಿನಿಮಾ ಥರದ ಸ್ಟೋರಿ ಮೋಡ್ ಉಳಿದವರಿಗೆಲ್ಲ ಮಾದರಿ ಆಗಿದೆ. ಆದರೆ ರಕ್ತಪಾತ ನಿಜಕ್ಕೂ ಜಾಸ್ತಿ. 1993ರಲ್ಲಿ ಅಮೆರಿಕದ ಸೆನೆಟ್‌ನಲ್ಲಿ ವಿಚಾರಣೆ ನಡೆದು 1994ರಲ್ಲಿ ಗೇಮ್‌ಗಳಿಗೆ ವಯಸ್ಸಿನ ರೇಟಿಂಗ್ ಪದ್ಧತಿ ಬರಲು ಮೊದಲ ಮಾರ್ಟಲ್ ಕಾಂಬ್ಯಾಟ್ ಒಂದು ಮುಖ್ಯ ಕಾರಣ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಯೋಚಿಸಿ. ಸ್ಟ್ರೀಟ್ ಫೈಟರ್ 6ರ ವರ್ಲ್ಡ್ ಟೂರ್‌ನಲ್ಲಿ ನಿಮ್ಮದೇ ಕ್ಯಾರೆಕ್ಟರ್ ಮಾಡಿಕೊಂಡು ಊರೂರು ಸುತ್ತಬಹುದು.

ಒಂದೇ ದೇಹದಲ್ಲಿ ಎರಡು ಗೇಮ್

ಈ ಪೈಪೋಟಿ ಹೊರಗಿನಿಂದ ಕಾಣುವಷ್ಟು ಬೇರೆಬೇರೆ ಮನೆಗಳ ಜಗಳವಲ್ಲ. 1987ರ ಮೊದಲ ಸ್ಟ್ರೀಟ್ ಫೈಟರ್ ನಿರ್ದೇಶಿಸಿದ ತಕಾಶಿ ನಿಶಿಯಾಮಾ ಆಮೇಲೆ ಎಸ್‌ಎನ್‌ಕೆ ಕಂಪನಿ ಸೇರಿ ಫೇಟಲ್ ಫ್ಯೂರಿ ಅನ್ನೋ ಫೈಟಿಂಗ್ ಗೇಮ್ ಮಾಡಿದರು. 1993ರ ವರ್ಚುವಾ ಫೈಟರ್‌ನಲ್ಲಿ ಕೆಲಸ ಮಾಡಿದ ಸೆಯಿಚಿ ಇಶಿಯಿ ನಾಮ್ಕೊ ಕಂಪನಿಗೆ ಹೋಗಿ ಮೊದಲ ಟೆಕ್ಕೆನ್ ನಿರ್ದೇಶಿಸಿದರು. ಅತಿಥಿ ಕ್ಯಾರೆಕ್ಟರ್‌ಗಳೂ ಓಡಾಡುತ್ತಲೇ ಇರುತ್ತಾರೆ, ಹೋಲಿಸುವವರಿಗೆ ಇವರಷ್ಟು ಉಪಯೋಗ ಬೇರೆ ಯಾರಿಂದಲೂ ಇಲ್ಲ.

ಟೆಕ್ಕೆನ್ 7ರಲ್ಲಿ ಸ್ಟ್ರೀಟ್ ಫೈಟರ್‌ನ ಅಕುಮಾ ಇದ್ದಾನೆ. ಅವನು ಅಲ್ಲೂ ಹಾಡೋಕೆನ್ ಬಿಡುತ್ತಾನೆ, ಮೀಟರ್ ಬಳಸುತ್ತಾನೆ, ಹಾರಿ ಬಂದು ಹೊಡೆಯುತ್ತಾನೆ. ಟೆಕ್ಕೆನ್‌ನ ಉಳಿದವರ ನಡುವೆ ಅವನನ್ನ ಎದುರಿಸಿ ನೋಡಿ. ಹಾಡೋಕೆನ್ ಬಂದಾಗ ಪಕ್ಕಕ್ಕೆ ಹೆಜ್ಜೆ ಇಟ್ಟು ತಪ್ಪಿಸಿಕೊಳ್ಳಬಹುದು ಅಂತ ಗೊತ್ತಾದಾಗ, ಸ್ಟ್ರೀಟ್ ಫೈಟರ್‌ನಲ್ಲಿ ಆ ಹೆಜ್ಜೆ ಇಲ್ಲದಿರೋದೇ ಆ ಬೆಂಕಿಯುಂಡೆಗೆ ಅಷ್ಟು ಬಲ ಕೊಟ್ಟಿದೆ ಅಂತಲೂ ಗೊತ್ತಾಗುತ್ತದೆ. ಹಾಗೇ ಎಸ್‌ಎನ್‌ಕೆಯ ಫೇಟಲ್ ಫ್ಯೂರಿಯಿಂದ ಟೆರ್ರಿ ಮತ್ತು ಮಾಯ್ ಸ್ಟ್ರೀಟ್ ಫೈಟರ್ 6ಕ್ಕೆ ಬಂದಿದ್ದಾರೆ, ಸ್ಟ್ರೀಟ್ ಫೈಟರ್‌ನ ಕೆನ್ ಮತ್ತು ಚುನ್-ಲಿ 2025ರ ಫೇಟಲ್ ಫ್ಯೂರಿಗೆ ಹೋಗಿದ್ದಾರೆ. ಎರಡೂ ಗೇಮ್‌ನಲ್ಲಿ ಟೆರ್ರಿಯನ್ನೇ ಆಡಿ ನೋಡಿದರೆ ಕ್ಯಾರೆಕ್ಟರ್ ಒಂದೇ, ಬದಲಾಗೋದು ಗೇಮ್ ಮಾತ್ರ.

ಕೊನೆಯದಾಗಿ, ನಿಮ್ಮ ಟಿಪ್ಪಣಿಯ ಮೇಲೆ ಗೇಮ್‌ನ ಆವೃತ್ತಿ ಮತ್ತು ತಾರೀಖು ಬರೆಯಿರಿ. 2025ರ ಏಪ್ರಿಲ್‌ನಲ್ಲಿ ಟೆಕ್ಕೆನ್ 8ರ ಎರಡನೇ ಸೀಸನ್ ಪ್ಯಾಚ್ (ಗೇಮ್ ಬದಲಿಸುವ ಅಪ್‌ಡೇಟ್) ಬಂದಾಗ, ದಾಳಿ ಮಾಡುವವರಿಗೆ ಬಲ ವಿಪರೀತ ಜಾಸ್ತಿಯಾಯಿತು ಅಂತ ಆಟಗಾರರು ಗಲಾಟೆ ಮಾಡಿದರು, ತಯಾರಕರು ಮತ್ತೆ ತಿದ್ದುಪಡಿಗಳನ್ನ ಬಿಟ್ಟರು. ಅದರ ಹಿಂದಿನ ತಿಂಗಳು ಬರೆದ ಹೋಲಿಕೆ ಆ ತಿಂಗಳು ಅರ್ಧ ಹಳತಾಗಿತ್ತು. ದೊಡ್ಡ ಪ್ಯಾಚ್ ಬಂದ ದಿನ ಇಡೀ ಪರೀಕ್ಷೆ ಮತ್ತೆ ಮಾಡಬೇಕಾಗಿಲ್ಲ. ಬೊಂಬೆಗೆ ನೀವು ಕಲಿಸಿದ ಆ ಎರಡು ಹೊಡೆತಗಳನ್ನ ಮತ್ತೆ ರೆಕಾರ್ಡ್ ಮಾಡಿ, ನಿಮ್ಮ ಹಳೇ ಉತ್ತರ ಇನ್ನೂ ನಡೆಯುತ್ತದಾ ಅಂತ ನೋಡಿ.